ರೀಮ್ಯಾಪ್ ಮಾಡಿಸಿದ ಕಾರಿಗೆ ಕ್ಲಚ್ ಆರಿಸುವ ಬಗೆ

ಎಂಜಿನ್‌ಗೆ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ನಿನ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಂ ತಿದ್ದುವುದು) ಮಾಡಿಸಿದ ಹೊಸದರಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ, ತುಮಕೂರಿನ ಕ್ಯಾತ್ಸಂದ್ರ ದಾಟಿ ಬೆಂಗಳೂರಿನ ಕಡೆಗೆ ಹೋಗುವಾಗ, ಮುಂದಿನ ಲಾರಿಯನ್ನು ಹಿಂದೆ ಹಾಕಲೆಂದು ಐದನೆಯ ಗೇರಿನಲ್ಲಿಯೇ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಆರ್‌ಪಿಎಂ ಮುಳ್ಳು 2,000ದಿಂದ 3,000ಕ್ಕೆ ಒಮ್ಮೆಲೇ ಹಾರುತ್ತದೆ. ವೇಗದ ಮುಳ್ಳು ಮಾತ್ರ ಇದ್ದಲ್ಲೇ ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸುಟ್ಟ ವಾಸನೆ ಕಾರಿನೊಳಗೆ ಬರುತ್ತದೆ. ಎಂಜಿನ್ ಕೊಡುತ್ತಿರುವ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಹಿಡಿದುಕೊಳ್ಳಲಾಗದೆ ಕ್ಲಚ್ ಜಾರುತ್ತಿದೆ ಎಂದು ಇದರ ಅರ್ಥ.

ಇಲ್ಲಿಂದ ಮುಂದೆ ಹೆಚ್ಚಿನವರು ಮಾಡುವ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನದು 2.0 ಲೀಟರ್ ಡೀಸೆಲ್ ಎಂಜಿನ್ನಿನ ಆಕ್ಟೇವಿಯಾ. ಕಂಪನಿಯಿಂದ ಬಂದಾಗ ಅದರ ಟಾರ್ಕ್ 320 ನ್ಯೂಟನ್ ಮೀಟರ್ ಇದ್ದದ್ದು ರೀಮ್ಯಾಪ್ ಆದ ಮೇಲೆ 400ರ ಸಮೀಪಕ್ಕೆ ಹೋಯಿತು. ಮೂಲ ಕ್ಲಚ್ ಜಾರತೊಡಗಿದಾಗ, ಇನ್ನೊಮ್ಮೆ ಈ ತೊಂದರೆಯೇ ಬೇಡವೆಂದು, ಅಂಗಡಿಯವನು ತೋರಿಸಿದ್ದರಲ್ಲೆಲ್ಲ ಅತಿ ಗಟ್ಟಿಯಾದ ಆರು ತುಂಡಿನ ಸೆರಾಮಿಕ್ ಪ್ಲೇಟನ್ನು (ಕ್ಲಚ್ಚಿನ ಉಜ್ಜುವ ತಟ್ಟೆಯನ್ನು) ತಂದು ಹಾಕಿಸಿದೆ. ಅದು ಒಂದು ದಿನವೂ ಜಾರಲಿಲ್ಲ. ಆದರೆ ಟೌನ್‌ಹಾಲ್ ಸರ್ಕಲ್ಲಿನಿಂದ ಗುಬ್ಬಿ ಗೇಟಿನವರೆಗೆ ಸಂಜೆಯ ಟ್ರಾಫಿಕ್‌ನಲ್ಲಿ ಪ್ರತಿ ಸಲ ಕಾರು ಹೊರಡುವಾಗಲೂ ಮೂಗು ಮುಂದಕ್ಕೆ ಬಗ್ಗುವಂತೆ ಜರ್ಕ್ ಹೊಡೆಯುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ತಾಯಿಯವರು, "ಏನಪ್ಪಾ, ನಿನ್ನೆಯಷ್ಟೇ ಗಾಡಿ ಕಲಿತವನ ಹಾಗೆ ಓಡಿಸ್ತೀಯಲ್ಲ" ಎಂದರು. ಐದು ತಿಂಗಳಿಗೆ ಗೇರ್‌ಬಾಕ್ಸನ್ನು ಮತ್ತೆ ಇಳಿಸಿ, ಕೂಲಿಯನ್ನು ಎರಡನೆಯ ಬಾರಿ ಕೊಟ್ಟು, ಅದನ್ನು ತೆಗೆಸಿದೆ. ಆದ್ದರಿಂದ ಈ ಬರಹದ ಉದ್ದಕ್ಕೂ ನಾನು ಹಿಡಿದಿರುವ ನಿಲುವು ಇಷ್ಟೇ: ನಿಮ್ಮ ಎಂಜಿನ್ನಿನ ಟಾರ್ಕನ್ನು ಹಿಡಿಯಬಲ್ಲ ಕ್ಲಚ್‌ಗಳ ಪೈಕಿ ಅತಿ ಮೃದುವಾದುದು ಯಾವುದೋ ಅದೇ ನಿಮಗೆ ಬೇಕಾದ ಕ್ಲಚ್.

ಮೊದಲು ರೋಗ ಯಾವುದೆಂದು ತಿಳಿಯಬೇಕು

ಕ್ಲಚ್ ಜಾರುತ್ತಿದೆ ಎಂದ ಮಾತ್ರಕ್ಕೆ ಅದರ ಶಕ್ತಿ ಸಾಲದು ಎಂದು ತೀರ್ಮಾನಿಸಬಾರದು. ಪರೀಕ್ಷೆ ಸುಲಭ. ವಾಹನಗಳಿಲ್ಲದ, ಸ್ವಲ್ಪ ಏರಾದ ರಸ್ತೆಯಲ್ಲಿ, ಎಂಜಿನ್ ಬಿಸಿಯಾದ ಮೇಲೆ, ನಾಲ್ಕನೆಯ ಗೇರಿಗೆ ಹಾಕಿ 1,500 ಆರ್‌ಪಿಎಂನಿಂದ ಆಕ್ಸಿಲರೇಟರನ್ನು ಪೂರ್ತಿ ಒತ್ತಬೇಕು. ಟರ್ಬೊ ಎಂಜಿನ್‌ಗಳಲ್ಲಿ ಟಾರ್ಕ್ ತುತ್ತತುದಿಗೆ ಏರುವುದು ಸಾಮಾನ್ಯವಾಗಿ 1,750ರಿಂದ 2,500 ಆರ್‌ಪಿಎಂ ನಡುವೆ ಆದ್ದರಿಂದ, ಕ್ಲಚ್ ಸೋಲುವುದಾದರೆ ಅಲ್ಲಿಯೇ ಸೋಲುತ್ತದೆ. ಒಂದು ಸಲ ಮಾಡಿದರೆ ಸಾಕು. ಮತ್ತೆ ಮತ್ತೆ ಮಾಡಿದರೆ ಉಳಿದ ಪ್ಲೇಟೂ ಸುಡುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಮೂರನೆಯ ಗೇರಿನಲ್ಲಿ ಕ್ಲಚ್ ಬಿಟ್ಟು ನೋಡುವ ಹಳೆಯ ಪದ್ಧತಿಯಿಂದ ಹೆಚ್ಚು ಟಾರ್ಕಿನ ಕಾರಿನ ವಿಷಯದಲ್ಲಿ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ನಿಂತ ಕಾರಿನಲ್ಲಿ ಟರ್ಬೊ ತನ್ನ ಪೂರ್ಣ ಒತ್ತಡವನ್ನು ಕೊಡುವುದೇ ಇಲ್ಲ.

ಜಾರುವುದು ಖಚಿತವಾದ ಮೇಲೆ, ಕಾರಣ ಏನೆಂದು ಗೇರ್‌ಬಾಕ್ಸ್ ಇಳಿಸಿದಾಗಲೇ ಸ್ಪಷ್ಟವಾಗುವುದು. ಆ ಹೊತ್ತಿನಲ್ಲಿ ಗ್ಯಾರೇಜಿನಲ್ಲಿ ನೀವೇ ಇರುವುದು ಒಳ್ಳೆಯದು. ಗೆಳೆಯರೊಬ್ಬರ ಪೆಟ್ರೋಲ್ ಟರ್ಬೊ ಕಾರಿನ ಕ್ಲಚ್ ಜಾರುತ್ತಿದೆ ಎಂದು ಶಿರಾ ಗೇಟಿನ ಬಳಿಯ ಗ್ಯಾರೇಜೊಂದರಲ್ಲಿ ಬಿಚ್ಚಿಸಿದಾಗ ನಾನೂ ಜೊತೆಗಿದ್ದೆ. ಪ್ಲೇಟಿನ ದಪ್ಪ ಹೆಚ್ಚುಕಡಿಮೆ ಹೊಸದರಷ್ಟೇ ಇತ್ತು, ರಿವೆಟ್‌ಗಳು ಇನ್ನೂ ಒಳಗೇ ಹುದುಗಿದ್ದವು. ಆದರೆ ಲೈನಿಂಗಿನ (ಪ್ಲೇಟಿನ ಮೇಲಿನ ಉಜ್ಜುವ ಪದರದ) ಒಂದು ಬದಿ ಕಪ್ಪಗೆ ಮಿರುಗುತ್ತಿತ್ತು. ಮೆಕ್ಯಾನಿಕ್ ಬೆರಳಿನಿಂದ ಫ್ಲೈವೀಲಿನ (ಕ್ಲಚ್ ಪ್ಲೇಟು ಒತ್ತಿ ಹಿಡಿಯುವ, ಎಂಜಿನ್ನಿನ ತುದಿಯ ಭಾರದ ಚಕ್ರದ) ಹಿಂದಿನ ಅಂಚನ್ನು ಸವರಿ ತೋರಿಸಿದಾಗ ಬೆರಳ ತುದಿಗೆ ಎಂಜಿನ್ ಆಯಿಲ್ ಮೆತ್ತಿಕೊಂಡಿತ್ತು. ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಆಯಿಲ್ ಸೀಲ್ ಸೋರುತ್ತಿತ್ತು. ಅಲ್ಲಿ ಎಷ್ಟೇ ಬೆಲೆಯ ಕ್ಲಚ್ ಹಾಕಿದ್ದರೂ ತಿಂಗಳೊಪ್ಪತ್ತಿನಲ್ಲಿ ಅದೂ ಜಾರುತ್ತಿತ್ತು. ಸೀಲ್ ಬದಲಿಸಿ, ಕಂಪನಿಯದೇ ಕ್ಲಚ್ ಸೆಟ್ ಹಾಕಿದ ಆ ಕಾರು ಇಂದಿಗೂ ಸರಿಯಾಗಿ ಓಡುತ್ತಿದೆ.

ಇನ್ನೊಂದು ಸಾಧ್ಯತೆಯೂ ಇದೆ: ಒಂದು ಲಕ್ಷ ಕಿಲೋಮೀಟರ್ ಓಡಿ ಸವೆದ ಮೂಲ ಕ್ಲಚ್, ರೀಮ್ಯಾಪ್ ಆದ ಕೂಡಲೇ ಕೈಕೊಟ್ಟಿರಬಹುದು. ಕಂಪನಿಯವರು ಎಂಜಿನ್ನಿನ ಟಾರ್ಕಿಗಿಂತ ಸ್ವಲ್ಪ ಹೆಚ್ಚಿನ ಸಾಮರ್ಥ್ಯದ ಕ್ಲಚ್ಚನ್ನೇ ಕೊಟ್ಟಿರುತ್ತಾರೆ. ಸಾಧಾರಣ ರೀಮ್ಯಾಪ್ ಆಗಿದ್ದು, ಪ್ಲೇಟು ಸವೆದಿದ್ದರೆ, ಹೊಸ ಮೂಲ ಕ್ಲಚ್ಚೇ ಸಾಕಾಗುವುದುಂಟು.

ಲೆಕ್ಕ ಟಾರ್ಕಿನದು, ಹಾರ್ಸ್‌ಪವರಿನದಲ್ಲ

"ನನ್ನ ಗಾಡಿ 200 ಹಾರ್ಸ್‌ಪವರ್, ಯಾವ ಕ್ಲಚ್ ಹಾಕಲಿ?" ಎಂಬ ಪ್ರಶ್ನೆಗೆ ಉತ್ತರ ಹೇಳಲು ಬರುವುದಿಲ್ಲ. ಹಾರ್ಸ್‌ಪವರ್ ಎಂಬುದು ಟಾರ್ಕ್ ಮತ್ತು ಆರ್‌ಪಿಎಂ ಎರಡರ ಗುಣಲಬ್ಧ. ಕ್ಲಚ್ ಹಿಡಿದುಕೊಳ್ಳಬೇಕಾದದ್ದು ಟಾರ್ಕನ್ನು ಮಾತ್ರ. 7,000 ಆರ್‌ಪಿಎಂನಲ್ಲಿ 200 ಹಾರ್ಸ್‌ಪವರ್ ಕೊಡುವ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನ ಟಾರ್ಕ್ ಆ ಹಂತದಲ್ಲಿ ಸುಮಾರು 200 ನ್ಯೂಟನ್ ಮೀಟರ್ ಇದ್ದರೆ, ಅಷ್ಟೇ ಹಾರ್ಸ್‌ಪವರಿನ ಡೀಸೆಲ್ ಎಂಜಿನ್ನಿನಲ್ಲಿ ಗರಿಷ್ಠ ಟಾರ್ಕ್ ಸಾಮಾನ್ಯವಾಗಿ 400ರ ಆಸುಪಾಸಿನಲ್ಲಿರುತ್ತದೆ. ಒಂದೇ ಹಾರ್ಸ್‌ಪವರಿನ ಈ ಎರಡು ಕಾರುಗಳಿಗೆ ಬೇಕಾದ ಕ್ಲಚ್‌ಗಳು ಬೇರೆ ಬೇರೆ.

ನಿಮ್ಮ ಕಾರಿನ ಟಾರ್ಕ್ ಎಷ್ಟೆಂಬುದನ್ನು ರೀಮ್ಯಾಪ್ ಮಾಡಿದವರ ಬಾಯಿಮಾತಿನಿಂದಲ್ಲ, ಡೈನೋ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿಸಿ ತೆಗೆದ ಕಾಗದದಿಂದ ತಿಳಿಯಬೇಕು. ಆ ಕಾಗದದಲ್ಲಿರುವ ಅಂಕಿ ಚಕ್ರದ ಬಳಿ ಅಳೆದದ್ದೋ ಎಂಜಿನ್ನಿನ ಲೆಕ್ಕಕ್ಕೆ ತಂದದ್ದೋ ಎಂದು ಕೇಳಿಕೊಳ್ಳಿ. ಗೇರ್‌ಬಾಕ್ಸ್ ಮತ್ತು ಆ್ಯಕ್ಸಲ್‌ಗಳಲ್ಲಿ ಶೇ. 15ರಷ್ಟು ನಷ್ಟವಾಗುತ್ತದೆ ಎಂದು ಹಿಡಿದರೆ, ಚಕ್ರದಲ್ಲಿ 340 ನ್ಯೂಟನ್ ಮೀಟರ್ ಕಂಡ ಕಾರಿನ ಎಂಜಿನ್ 400 ಕೊಡುತ್ತಿರುತ್ತದೆ. ಕ್ಲಚ್ ಇರುವುದು ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳ ನಡುವೆ. ಆದ್ದರಿಂದ ಅದಕ್ಕೆ ಅನ್ವಯಿಸುವುದು 400ರ ಅಂಕಿ. ಅದರ ಮೇಲೆ ಶೇ. 20ರಿಂದ 30ರವರೆಗೆ ಹೆಚ್ಚುವರಿ ಇಟ್ಟುಕೊಂಡರೆ 480ರಿಂದ 520 ಬರುತ್ತದೆ. ಬಿಸಿಗೆ ಹಿಡಿತ ಕುಗ್ಗುವುದಕ್ಕೂ, ಪ್ಲೇಟು ಸವೆಯುವುದಕ್ಕೂ, ಗೇರ್ ಬದಲಿಸುವಾಗಿನ ಹೊಡೆತಕ್ಕೂ ಅಷ್ಟು ಸಾಕು. ಅದನ್ನು ಮೀರಿ ಕೊಳ್ಳುವುದು ಹಣಕ್ಕೂ ಕಾಲಿಗೂ ಭಾರ. ಮುಂದೆ ದೊಡ್ಡ ಟರ್ಬೊ ಹಾಕಿಸುವ ಉದ್ದೇಶ ನಿಜವಾಗಿ ಇದ್ದರೆ ಮಾತ್ರ ಆ ಟಾರ್ಕಿಗೆ ತಕ್ಕಂತೆ ಲೆಕ್ಕ ಹಾಕಿ. "ಯಾವಾಗಲಾದರೂ ಮಾಡಿಸಬಹುದು" ಎಂಬ ಆಸೆಗೆ ಇಂದೇ ಕ್ಲಚ್ ಕೊಳ್ಳಬೇಡಿ.

ಅಮೆರಿಕದ ತಯಾರಕರು ತಮ್ಮ ಕ್ಲಚ್ಚಿನ ಸಾಮರ್ಥ್ಯವನ್ನು ಪೌಂಡ್-ಫುಟ್‌ಗಳಲ್ಲಿ ಬರೆಯುತ್ತಾರೆ. ಅದನ್ನು 1.356ರಿಂದ ಗುಣಿಸಿದರೆ ನ್ಯೂಟನ್ ಮೀಟರ್ ಸಿಗುತ್ತದೆ. 350 ಎಂದು ಬರೆದ ಪೆಟ್ಟಿಗೆಯನ್ನು ನೋಡಿ "ಇದು ಸಾಲದು" ಎಂದು ಪಕ್ಕಕ್ಕಿಟ್ಟವರನ್ನು ಕಂಡಿದ್ದೇನೆ. ಅದು ವಾಸ್ತವದಲ್ಲಿ 475 ನ್ಯೂಟನ್ ಮೀಟರ್.

ಕ್ಲಚ್ ಕೊಳ್ಳುವ ಮೊದಲು ರೀಮ್ಯಾಪ್ ಮಾಡಿದವರನ್ನು ಒಂದು ಮಾತು ಕೇಳಿ ನೋಡಬಹುದು. ಡೀಸೆಲ್ ಕಾರುಗಳ ಕ್ಲಚ್ ಸೋಲುವುದು ಬಹುಪಾಲು 2,000 ಆರ್‌ಪಿಎಂ ಸುತ್ತ ಟಾರ್ಕ್ ಗೋಡೆಯಂತೆ ಒಮ್ಮೆಲೇ ಏಳುವುದರಿಂದ. ಆ ಏರಿಕೆಯನ್ನು ಸ್ವಲ್ಪ ಓರೆಯಾಗಿಸಿ, ಪೂರ್ಣ ಟಾರ್ಕ್ 2,500ರ ಹೊತ್ತಿಗೆ ಬರುವಂತೆ ಮ್ಯಾಪ್ ತಿದ್ದಿದರೆ, ಮೇಲಿನ ಹಾರ್ಸ್‌ಪವರ್ ಹಾಗೆಯೇ ಉಳಿದು ಕ್ಲಚ್ಚಿನ ಹೊರೆ ಇಳಿಯುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಮೂಲ ಕ್ಲಚ್ಚನ್ನು ಇನ್ನೂ ಕೆಲವು ಸಾವಿರ ಕಿಲೋಮೀಟರ್ ಓಡಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಹಿಡಿತ ಎಲ್ಲಿಂದ ಬರುತ್ತದೆ

ಕ್ಲಚ್ಚಿನ ಸಾಮರ್ಥ್ಯ ನಾಲ್ಕು ಸಂಗತಿಗಳ ಗುಣಲಬ್ಧ: ಲೈನಿಂಗಿನ ಘರ್ಷಣೆಯ ಗುಣಾಂಕ, ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿಯುವ ಪ್ರೆಷರ್ ಪ್ಲೇಟ್ ಒತ್ತುವ ಬಲ, ಲೈನಿಂಗಿನ ಸರಾಸರಿ ತ್ರಿಜ್ಯ ಮತ್ತು ಉಜ್ಜುವ ಮುಖಗಳ ಸಂಖ್ಯೆ. 240 ಮಿಲಿಮೀಟರ್ ವ್ಯಾಸದ ಒಂದು ಸಾಧಾರಣ ಪ್ಲೇಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಸರಾಸರಿ ತ್ರಿಜ್ಯ ಹತ್ತಿರ ಹತ್ತಿರ 0.1 ಮೀಟರ್. ಗುಣಾಂಕ 0.3, ಒತ್ತುವ ಬಲ 6,000 ನ್ಯೂಟನ್, ಮುಖಗಳು ಎರಡು ಎಂದಾದರೆ, ಎಲ್ಲವನ್ನೂ ಗುಣಿಸಿದಾಗ 360 ನ್ಯೂಟನ್ ಮೀಟರ್ ಬರುತ್ತದೆ. ನಿಮಗೆ ಬೇಕಾದದ್ದು 480 ಎಂದಾದರೆ ಈ ನಾಲ್ಕರಲ್ಲಿ ಯಾವುದನ್ನು ಹೆಚ್ಚಿಸುವುದೆಂಬುದೇ ಆಯ್ಕೆಯ ತಿರುಳು. ತ್ರಿಜ್ಯವನ್ನು ಹೆಚ್ಚಿಸಲು ಗೇರ್‌ಬಾಕ್ಸಿನ ಬೆಲ್ ಹೌಸಿಂಗಿನಲ್ಲಿ (ಕ್ಲಚ್ ಕೂರುವ ಗೂಡಿನಲ್ಲಿ) ಜಾಗವಿರಬೇಕು, ಫ್ಲೈವೀಲನ್ನೂ ಬದಲಿಸಬೇಕು. ಅದು ಎಲ್ಲ ಕಾರುಗಳಲ್ಲಿ ಆಗುವ ಮಾತಲ್ಲ. ಆದರೆ ನಿಮ್ಮ ಎಂಜಿನ್ ಕುಟುಂಬದಲ್ಲಿಯೇ ಹೆಚ್ಚಿನ ಟಾರ್ಕಿನ ಕಾರಿಗೆ ಕಂಪನಿಯವರು ದೊಡ್ಡ ವ್ಯಾಸದ ಕ್ಲಚ್ ಮತ್ತು ಫ್ಲೈವೀಲ್ ಕೊಟ್ಟಿದ್ದು, ಅದು ನಿಮ್ಮ ಗೇರ್‌ಬಾಕ್ಸಿಗೆ ಹೊಂದುವುದಾದರೆ, ಬೇರೆ ಏನನ್ನೂ ಹುಡುಕದೆ ಅದನ್ನೇ ಹಾಕಿಸಿ. ಅದರ ನಡತೆ ಮೂಲ ಕ್ಲಚ್ಚಿನಂತೆಯೇ ಇರುತ್ತದೆ, ಬಿಡಿಭಾಗವೂ ಸಿಗುತ್ತದೆ.

ಎರಡನೆಯ ದಾರಿ, ಒತ್ತುವ ಬಲವನ್ನು ಹೆಚ್ಚಿಸುವುದು. ಗಟ್ಟಿ ಡಯಾಫ್ರಾಮ್ ಸ್ಪ್ರಿಂಗಿನ ಪ್ರೆಷರ್ ಪ್ಲೇಟ್ ಶೇ. 25ರಷ್ಟು ಹೆಚ್ಚು ಒತ್ತಿದರೆ, ಅದೇ ಸಾಮಾನ್ಯ ಆರ್ಗ್ಯಾನಿಕ್ ಲೈನಿಂಗಿನಲ್ಲಿಯೇ ನಮ್ಮ 360 ಎಂಬುದು 450 ಆಗುತ್ತದೆ. ಕ್ಲಚ್ ಹಿಡಿಯುವ ರೀತಿ ಮೃದುವಾಗಿಯೇ ಉಳಿಯುತ್ತದೆ. ಇದಕ್ಕೆ ತೆರುವ ಬೆಲೆ ಎಡಗಾಲಿನ ಶ್ರಮ. ಪೆಡಲ್ ಭಾರವಾಗುವುದಲ್ಲದೆ, ಪ್ರತಿ ಸಲ ಕ್ಲಚ್ ಒತ್ತಿದಾಗಲೂ ಆ ಬಲ ರಿಲೀಸ್ ಬೇರಿಂಗಿನ (ಕ್ಲಚ್ಚಿನ ಹಿಡಿತ ಬಿಡಿಸುವ ಬೇರಿಂಗಿನ) ಮೂಲಕ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗಿನ ಮೇಲೆ ಬೀಳುತ್ತದೆ. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಕೊಂಡೇ ಕೂರುವ ಅಭ್ಯಾಸವಿರುವವರು ಅದನ್ನು ಬಿಟ್ಟು ನ್ಯೂಟ್ರಲ್‌ಗೆ ಹಾಕುವುದನ್ನು ಕಲಿಯಬೇಕು. ದಿನನಿತ್ಯ ಓಡಿಸುವ, ಕಂಪನಿಯ ಟಾರ್ಕಿಗಿಂತ ಶೇ. 25ರಿಂದ 30ರವರೆಗೆ ಹೆಚ್ಚಿರುವ ಕಾರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ನನ್ನ ಕಾರಿನಲ್ಲಿ ಈಗ ಇರುವುದೂ ಇದೇ: ಗಟ್ಟಿ ಪ್ರೆಷರ್ ಪ್ಲೇಟ್, ಸ್ಪ್ರಿಂಗ್ ಇರುವ ಆರ್ಗ್ಯಾನಿಕ್ ಪ್ಲೇಟ್.

ಮೂರನೆಯದು ಲೈನಿಂಗಿನ ವಸ್ತುವನ್ನು ಬದಲಿಸುವುದು. ಮೂಲ ಕ್ಲಚ್ಚಿನ ಆರ್ಗ್ಯಾನಿಕ್ ಲೈನಿಂಗ್ ನಾರು, ರಾಳ ಮತ್ತು ಲೋಹದ ಎಳೆಗಳನ್ನು ಸೇರಿಸಿ ಮಾಡಿದ್ದು; ಅದು ನಯವಾಗಿ ಹಿಡಿಯುತ್ತದೆ, ಆದರೆ ವಿಪರೀತ ಬಿಸಿಯಾದರೆ ಮೇಲ್ಮೈ ಗಾಜಿನಂತಾಗಿ ಹಿಡಿತ ಕಳೆದುಕೊಳ್ಳುತ್ತದೆ. ಕೆವ್ಲಾರ್ ಬಗೆಯ ಅರಾಮಿಡ್ ನಾರಿನ ಲೈನಿಂಗ್ ಬಹುಕಾಲ ಬಾಳುತ್ತದೆ, ಹಿಡಿಯುವುದೂ ನಯವಾಗಿಯೇ. ಆದರೆ ಹೊಸದರಲ್ಲಿ ಅದನ್ನು ಪಳಗಿಸಲು ಬಹಳ ತಾಳ್ಮೆ ಬೇಕು, ಒಮ್ಮೆ ಸುಟ್ಟರೆ ಮತ್ತೆ ಸರಿಹೋಗುವುದಿಲ್ಲ. ಸೆರಾಮಿಕ್ ಎಂದು ಮಾರುವುದು ತಾಮ್ರ, ಕಬ್ಬಿಣ ಮೊದಲಾದ ಲೋಹಗಳ ಪುಡಿಗೆ ಸೆರಾಮಿಕ್ ಬೆರೆಸಿ, ಕಾಸಿ, ಒತ್ತಿ ಮಾಡಿದ ತುಂಡುಗಳನ್ನು. ಗುಣಾಂಕ 0.4ರ ಸುತ್ತ ಇದ್ದರೆ ನಮ್ಮ ಲೆಕ್ಕದ 360 ಪ್ರೆಷರ್ ಪ್ಲೇಟ್ ಬದಲಿಸದೆಯೇ 480 ಆಗುತ್ತದೆ, ಪೆಡಲ್ ಭಾರವೂ ಹೆಚ್ಚುವುದಿಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಬೇರೊಂದಿಲ್ಲ ಎನಿಸುತ್ತದೆ. ನನ್ನನ್ನು ಮೋಸಗೊಳಿಸಿದ್ದೂ ಈ ಲೆಕ್ಕವೇ.

ಲೆಕ್ಕದಲ್ಲಿ ಕಾಣದ ಸಂಗತಿ ಪ್ಲೇಟಿನ ರಚನೆಯಲ್ಲಿದೆ. ಸಾಮಾನ್ಯ ಪ್ಲೇಟಿನ ಎರಡು ಲೈನಿಂಗ್‌ಗಳ ನಡುವೆ ಅಲೆಯಂತೆ ಬಾಗಿದ ತೆಳು ಉಕ್ಕಿನ ತಗಡು ಇರುತ್ತದೆ. ಕ್ಲಚ್ ಬಿಡುವಾಗ ಈ ತಗಡು ಮೊದಲು ಚಪ್ಪಟೆಯಾಗುತ್ತಾ ಹೋಗಿ, ಹಿಡಿತ ಕ್ರಮೇಣ ಏರುವಂತೆ ಮಾಡುತ್ತದೆ. ನಾವು ಹಾಫ್ ಕ್ಲಚ್ ಎನ್ನುವ ಜಾಗ ಇರುವುದೇ ಇದರಿಂದ. ತುಂಡುಗಳ ಸೆರಾಮಿಕ್ ಪ್ಲೇಟುಗಳಲ್ಲಿ ಹೆಚ್ಚಿನವುಗಳಿಗೆ ಈ ತಗಡು ಇಲ್ಲ. ಹಾಗಾಗಿ ಪೆಡಲ್ ಒಂದು ಬೆರಳಿನಷ್ಟು ಮೇಲೆ ಬರುವಷ್ಟರಲ್ಲಿ ಹಿಡಿತ ಏನೂ ಇಲ್ಲದಲ್ಲಿಂದ ಪೂರ್ತಿಗೆ ಬಂದುಬಿಡುತ್ತದೆ. ಇದಲ್ಲದೆ ಪ್ಲೇಟಿನ ನಡುವಿನ ಹಬ್‌ನಲ್ಲಿ ಸುತ್ತಲೂ ಸಣ್ಣ ಸುರುಳಿ ಸ್ಪ್ರಿಂಗ್‌ಗಳಿದ್ದರೆ ಎಂಜಿನ್ನಿನ ಹೊಡೆತವನ್ನು ಅವು ನುಂಗಿಕೊಳ್ಳುತ್ತವೆ. ಸ್ಪ್ರಿಂಗ್ ಇಲ್ಲದ ಗಟ್ಟಿ ಹಬ್ ಆಗಿ, ಫ್ಲೈವೀಲಿನಲ್ಲಿಯೂ ಸ್ಪ್ರಿಂಗ್ ಇಲ್ಲದಿದ್ದರೆ ಆ ಹೊಡೆತವೆಲ್ಲ ಗೇರುಗಳ ಹಲ್ಲಿಗೂ ಡ್ರೈವ್‌ಶಾಫ್ಟಿಗೂ ಹೋಗುತ್ತದೆ. ಅಂಥ ಫ್ಲೈವೀಲಿನ ಜೊತೆ ಗಟ್ಟಿ ಹಬ್ಬಿನ ಪ್ಲೇಟು ರೇಸ್ ಟ್ರ್ಯಾಕಿಗಾಗಿ ಇರುವ ಸಾಮಾನು. ರಸ್ತೆಯ ಕಾರಿಗೆ ಸೆರಾಮಿಕ್ ಅನಿವಾರ್ಯವೇ ಆದರೆ, ಸ್ಪ್ರಿಂಗ್ ಹಬ್ ಇರುವುದನ್ನೂ, ತುಂಡುಗಳು ಮೂರು ನಾಲ್ಕಲ್ಲದೆ ಆರು ಅಥವಾ ಅದಕ್ಕಿಂತ ಹೆಚ್ಚು ಇರುವುದನ್ನೂ ಆರಿಸಬೇಕು. ಒಂದು ಬದಿ ಆರ್ಗ್ಯಾನಿಕ್, ಇನ್ನೊಂದು ಬದಿ ಸೆರಾಮಿಕ್ ಇರುವ ಪ್ಲೇಟುಗಳೂ ಸಿಗುತ್ತವೆ. ಅವುಗಳ ನಡತೆ ಎರಡರ ಮಧ್ಯದಲ್ಲಿ ಇರುತ್ತದೆ.

ನಾಲ್ಕನೆಯದು ಮುಖಗಳ ಸಂಖ್ಯೆಯನ್ನು ಎರಡರಿಂದ ನಾಲ್ಕಕ್ಕೆ ಏರಿಸುವ ಟ್ವಿನ್ ಪ್ಲೇಟ್ ಕ್ಲಚ್. ವ್ಯಾಸವನ್ನು 200 ಮಿಲಿಮೀಟರಿಗೆ ಇಳಿಸಿ, ಸರಾಸರಿ ತ್ರಿಜ್ಯ 0.085 ಮೀಟರ್ ಆದರೂ, ಅದೇ 0.3ರ ಗುಣಾಂಕ ಮತ್ತು 6,000 ನ್ಯೂಟನ್ ಒತ್ತಡದಲ್ಲಿ 612 ನ್ಯೂಟನ್ ಮೀಟರ್ ಸಿಗುತ್ತದೆ. 550ನ್ನು ಮೀರಿದ ಟಾರ್ಕನ್ನು ಮೃದುವಾದ ಪೆಡಲಿನಲ್ಲಿ ಹಿಡಿಯಲು ಇದೇ ಸರಿಯಾದ ದಾರಿ. ಬೆಲೆ ಹೆಚ್ಚು, ಗಲಗಲ ಸದ್ದು ಇರುತ್ತದೆ, ಜೋಡಿಸುವಾಗ ಅಳತೆ ಸ್ವಲ್ಪ ತಪ್ಪಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಕಾರ್ಬನ್ ಕ್ಲಚ್‌ಗಳ ಬಗ್ಗೆ ಇಲ್ಲಿ ಹೇಳುವುದಿಲ್ಲ. ಅವನ್ನು ಕೊಳ್ಳುವವರಿಗೆ ಈ ಬರಹ ಬೇಕಾಗುವುದಿಲ್ಲ.

ದೇವರಾಯನದುರ್ಗದ ಏರಿನ ಪಾಠ

ಪೆಟ್ಟಿಗೆಯ ಮೇಲೆ ಬರೆದಿರುವುದು ಕ್ಲಚ್ ಪೂರ್ತಿ ಕೂತ ಮೇಲಿನ ಸಾಮರ್ಥ್ಯ. ಆದರೆ ಕ್ಲಚ್ ಸಾಯುವುದು ಕೂರುವ ಮೊದಲಿನ ಕೆಲವು ಕ್ಷಣಗಳಲ್ಲಿ, ಜಾರುತ್ತಾ ಬಿಸಿಯಾಗುವುದರಿಂದ. ಭಾನುವಾರ ಬೆಳಿಗ್ಗೆ ದೇವರಾಯನದುರ್ಗದ ಬೆಟ್ಟ ಹತ್ತುವಾಗಲೋ, ಇನ್ನೂ ಹೆಚ್ಚಾಗಿ ಚಿಕ್ಕಬಳ್ಳಾಪುರದ ನಂದಿಬೆಟ್ಟದ ತಿರುವುಗಳಲ್ಲಿ ವಾಹನಗಳ ಸಾಲು ನಿಂತು ನಿಂತು ಸಾಗುವಾಗಲೋ, ನಾಲ್ಕು ಜನ ಕೂತ ಕಾರನ್ನು ಹಾಫ್ ಕ್ಲಚ್‌ನಲ್ಲಿ ಹಿಡಿದು ನಿಲ್ಲಿಸಿದರೆ, ಎಂಜಿನ್ ಕೊಡುವ ಶಕ್ತಿಯೆಲ್ಲ ಪ್ಲೇಟಿನಲ್ಲಿ ಶಾಖವಾಗುತ್ತದೆ. ನನ್ನ ಸೆರಾಮಿಕ್ ಕ್ಲಚ್‌ಗೆ ನಂದಿಬೆಟ್ಟದಲ್ಲಿ ಶಾಖ ತಗುಲಲೇ ಇಲ್ಲ, ಆದರೆ ಅದಕ್ಕೆ ಹಾಫ್ ಕ್ಲಚ್ ಎಂಬುದೇ ಇಲ್ಲದ್ದರಿಂದ ಕಾರು ಕುಪ್ಪಳಿಸುತ್ತಾ, ಎರಡು ಸಲ ಆಫ್ ಆಗಿ, ಹಿಂದಿನ ಕಾರಿಗೆ ತಾಗುವಷ್ಟು ಹಿಂದಕ್ಕೆ ಉರುಳಿತು.

ಆದ್ದರಿಂದ ನಿಮ್ಮ ಕಾರು ವಾರದ ಏಳು ದಿನ ಎಲ್ಲಿ ಓಡುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ನೆನೆಸಿಕೊಳ್ಳಿ. ವಸಂತನರಸಾಪುರದ ಕಾರ್ಖಾನೆಗೆ ಹೋಗಿ ಬರುವ, ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗುವ ಕಾರಿಗೆ ಆರ್ಗ್ಯಾನಿಕ್ ಲೈನಿಂಗನ್ನು ಬಿಟ್ಟು ಬೇರೆ ಯೋಚನೆ ಬೇಡ. ವರ್ಷಕ್ಕೆ ನಾಲ್ಕಾರು ಸಲ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಹೋಗುವವರು ಸ್ಪ್ರಿಂಗ್ ಹಬ್ಬಿನ ಸೆರಾಮಿಕ್ ಪ್ಲೇಟನ್ನು ಯೋಚಿಸಬಹುದು. ಟ್ರ್ಯಾಕಿನಲ್ಲಿ ಸುತ್ತು ಹಾಕುವಾಗ ಕ್ಲಚ್‌ಗೆ ಅಷ್ಟೇನೂ ಬಾಧೆ ಇಲ್ಲ. ನಿಂತಲ್ಲಿಂದ ಜಿಗಿಯುವ ಡ್ರ್ಯಾಗ್ ಸ್ಪರ್ಧೆಯೇ ಅದರ ನಿಜವಾದ ಶತ್ರು.

ಫ್ಲೈವೀಲ್ ಮತ್ತು ಅದರಾಚೆ

ಇಂದಿನ ಡೀಸೆಲ್ ಕಾರುಗಳಲ್ಲಿಯೂ, ಹಲವು ಟರ್ಬೊ ಪೆಟ್ರೋಲ್ ಕಾರುಗಳಲ್ಲಿಯೂ ಇರುವುದು ಡ್ಯುಯಲ್ ಮಾಸ್ ಫ್ಲೈವೀಲ್. ಎರಡು ಚಕ್ರಗಳ ನಡುವೆ ಉದ್ದನೆಯ ಸ್ಪ್ರಿಂಗ್‌ಗಳನ್ನಿಟ್ಟು, ಎಂಜಿನ್ನಿನ ನಡುಕ ಗೇರ್‌ಬಾಕ್ಸಿಗೆ ತಲುಪದಂತೆ ಮಾಡಿದ ವ್ಯವಸ್ಥೆ ಅದು. ಟಾರ್ಕ್ ಮಿತಿಮೀರಿದರೆ ಸ್ಪ್ರಿಂಗ್‌ಗಳು ಪೂರ್ತಿ ಒತ್ತಿ ಕೊನೆಗೆ ಬಡಿಯುತ್ತವೆ. ಎಂಜಿನ್ ಆಫ್ ಮಾಡುವಾಗ ಕಟಕಟ ಸದ್ದು ಕೇಳಿಬಂದರೆ ಅದು ಮುಗಿಯುತ್ತಾ ಬಂದಿದೆ ಎಂದು ತಿಳಿಯಬಹುದು. ಹಳೆಯ ಡ್ಯುಯಲ್ ಮಾಸ್ ಫ್ಲೈವೀಲಿನ ಮೇಲೆ ಹೊಸ ಗಟ್ಟಿ ಕ್ಲಚ್ ಹಾಕುವುದು ಉಳಿತಾಯವಲ್ಲ. ಸಿಂಗಲ್ ಮಾಸ್ ಫ್ಲೈವೀಲಿಗೆ ಬದಲಾಯಿಸಿದರೆ ಅದು ಮುರಿಯುವ ಭಯವಿಲ್ಲ, ಅಗ್ಗವೂ ಹೌದು. ಆದರೆ ನ್ಯೂಟ್ರಲ್‌ನಲ್ಲಿ ಏಸಿ ಹಾಕಿ ನಿಂತಾಗ ಮಿಕ್ಸಿಗೆ ಕಡಲೆಬೀಜ ಹಾಕಿದಂಥ ಸದ್ದು ಗೇರ್‌ಬಾಕ್ಸಿನಿಂದ ಬರುತ್ತದೆ, ಪೆಡಲ್ ಒತ್ತಿದ ಕೂಡಲೇ ನಿಲ್ಲುತ್ತದೆ. ಸದ್ದನ್ನು ಸಹಿಸಬಲ್ಲಿರಾದರೆ ಹಾಕಿಸಿ, ಆದರೆ ಅದರ ಜೊತೆಗೆ ಸ್ಪ್ರಿಂಗ್ ಹಬ್ಬಿನ ಪ್ಲೇಟು ಕಡ್ಡಾಯ. ಡೀಸೆಲ್ ಕಾರಿಗೆ ತೀರಾ ಹಗುರವಾದ ಫ್ಲೈವೀಲ್ ಬೇಡ. ಹೊರಡುವಾಗ ಪದೇ ಪದೇ ಆಫ್ ಆಗುತ್ತದೆ.

ಕ್ಲಚ್ ಹಿಡಿದ ಮೇಲೆ ಹೊರೆ ಮುಂದಿನ ಭಾಗಕ್ಕೆ ಸಾಗುತ್ತದೆ. ಫೋಕ್ಸ್‌ವ್ಯಾಗನ್ ಬಳಗದ ಎಂಕ್ಯೂ200, ಎಂಕ್ಯೂ250, ಎಂಕ್ಯೂ350 ಎಂಬ ಗೇರ್‌ಬಾಕ್ಸುಗಳ ಹೆಸರಿನಲ್ಲಿರುವ ಅಂಕಿಯೇ ಅವು ಸುಮಾರಾಗಿ ಎಷ್ಟು ನ್ಯೂಟನ್ ಮೀಟರಿಗೆ ಮಾಡಿದ್ದು ಎಂಬುದನ್ನು ಹೇಳುತ್ತದೆ. 200ರ ಗೇರ್‌ಬಾಕ್ಸಿನ ಕಾರಿಗೆ 500ರ ಕ್ಲಚ್ ಹಾಕಿದರೆ, ಜಾರಿ ತಪ್ಪಿಸಿಕೊಳ್ಳುತ್ತಿದ್ದ ಹೊಡೆತ ಈಗ ಗೇರಿನ ಹಲ್ಲನ್ನು ಮುರಿಯುತ್ತದೆ.

ಕಾನೂನಿನ ಮಾತನ್ನೂ ಒಮ್ಮೆ ಹೇಳಿಬಿಡುತ್ತೇನೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ನಿರ್ಬಂಧಿಸುತ್ತದೆ. ಎಂಜಿನ್ನಿಗೆ ಮಾಡಿಸಿದ್ದನ್ನು ವಿಮೆಯವರಿಗೆ ತಿಳಿಸದೆ ಇದ್ದರೆ ಅಪಘಾತದ ಹೊತ್ತಿನಲ್ಲಿ ತೊಂದರೆಗೆ ಸಿಲುಕುತ್ತೀರಿ.

ಕೊಳ್ಳುವುದು, ಜೋಡಿಸುವುದು, ಪಳಗಿಸುವುದು

ತುಮಕೂರಿನಲ್ಲಿ ಮೂಲ ಕ್ಲಚ್ ಸೆಟ್ ಸುಲಭವಾಗಿ ಸಿಗುತ್ತದೆ. ಹೆಚ್ಚಿನ ಸಾಮರ್ಥ್ಯದ್ದು ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕು ಅಥವಾ ತರಿಸಿಕೊಳ್ಳಬೇಕು. ಎರಡರಲ್ಲಿಯೂ ಚಾಸಿ ನಂಬರನ್ನು ಕೊಟ್ಟು ಹೊಂದಿಕೆ ಖಚಿತಪಡಿಸಿಕೊಂಡು, ಬಿಲ್ ಪಡೆದೇ ಹಣ ಕೊಡಿ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಂದೇ ತಯಾರಕರಿಂದ ಒಂದೇ ಸೆಟ್ಟಾಗಿ ತೆಗೆದುಕೊಳ್ಳಿ. ಬೇರೆ ಬೇರೆ ಕಡೆಯಿಂದ ಕೂಡಿಸಿದ ಸೆಟ್ಟಿನಲ್ಲಿ ಎತ್ತರದ ಅಳತೆ ಎರಡು ಮಿಲಿಮೀಟರ್ ತಪ್ಪಿದರೂ ಪೆಡಲ್ ಎಲ್ಲಿ ಹಿಡಿಯುತ್ತದೆ ಎಂಬುದು ಬದಲಾಗಿಬಿಡುತ್ತದೆ. ಹಳೆಯ ಪ್ಲೇಟು ಕೈಯಲ್ಲಿದ್ದರೆ ಅದರ ನಡುವಿನ ತೂತಿನಲ್ಲಿರುವ ಸ್ಪ್ಲೈನ್ ಹಲ್ಲುಗಳನ್ನು ಎಣಿಸಿ, ವ್ಯಾಸವನ್ನು ಅಳೆದು, ಹೊಸದರೊಂದಿಗೆ ಹೋಲಿಸಿ.

ಗೇರ್‌ಬಾಕ್ಸ್ ಇಳಿದಾಗ ಕ್ರ್ಯಾಂಕಿನ ಹಿಂದಿನ ಸೀಲ್, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಸೀಲ್, ರಿಲೀಸ್ ಬೇರಿಂಗ್ ಇವನ್ನು ಹಳೆಯವೇ ಉಳಿಸಬೇಡಿ. ನಿಮ್ಮ ಕಾರಿನಲ್ಲಿ ರಿಲೀಸ್ ಬೇರಿಂಗ್ ಮತ್ತು ಸ್ಲೇವ್ ಸಿಲಿಂಡರ್ ಒಂದೇ ಆಗಿ ಗೇರ್‌ಬಾಕ್ಸಿನೊಳಗೆ ಕೂತಿದ್ದರೆ ಅದನ್ನೂ ಬದಲಿಸಿ. ಗಟ್ಟಿ ಪ್ರೆಷರ್ ಪ್ಲೇಟಿನ ಒತ್ತಡಕ್ಕೆ ಹಳೆಯ ಸೀಲ್ ಸೋರತೊಡಗಿದರೆ, ಸಣ್ಣ ರಬ್ಬರಿಗಾಗಿ ಇಡೀ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ. ಸಿಂಗಲ್ ಮಾಸ್ ಫ್ಲೈವೀಲಿನ ಮೇಲೆ ನೀಲಿ ಕಲೆಗಳಿದ್ದರೆ ಅದನ್ನು ಲೇತ್‌ಗೆ ಕೊಟ್ಟು ಸಮ ಮಾಡಿಸಬೇಕು. ಫ್ಲೈವೀಲಿನ ಬೋಲ್ಟುಗಳು ಒಮ್ಮೆ ಬಿಗಿದರೆ ಹಿಗ್ಗುವ ಬಗೆಯವಾಗಿದ್ದರೆ ಹೊಸದನ್ನೇ ಹಾಕಿ, ಕೈಪಿಡಿಯ ಅಳತೆಗೆ ಟಾರ್ಕ್ ರೆಂಚಿನಿಂದಲೇ ಬಿಗಿಸಿ.

ಜೋಡಿಸುವಾಗ ಎರಡು ಸಂಗತಿಗಳನ್ನು ನಿಂತು ನೋಡಿ. ಸ್ಪ್ಲೈನಿಗೆ ಗ್ರೀಸ್ ಹಚ್ಚುವಾಗ ಬೆಂಕಿಕಡ್ಡಿಯ ತಲೆಯಷ್ಟು ಸಾಕು. ಬೆರಳ ತುಂಬಾ ಹಚ್ಚಿದರೆ ತಿರುಗುವಾಗ ಅದು ಸಿಡಿದು ಲೈನಿಂಗಿನ ಮೇಲೆ ಬೀಳುತ್ತದೆ. ಇನ್ನೊಂದು, ಗೇರ್‌ಬಾಕ್ಸನ್ನು ಮೇಲಕ್ಕೆತ್ತಿ ಶಾಫ್ಟನ್ನು ಪ್ಲೇಟಿನೊಳಗೆ ತೂರಿಸಿದ ಮೇಲೆ, ಬೋಲ್ಟುಗಳು ಕೂರುವವರೆಗೆ ಅದರ ಭಾರವನ್ನು ಪ್ಲೇಟಿನ ಹಬ್ ಮೇಲೆ ನೇತಾಡಲು ಬಿಡಬಾರದು. ಸ್ವಲ್ಪ ಹೊತ್ತು ಹಾಗೆ ಬಿಟ್ಟರೂ ಹಬ್ ಬಾಗಬಹುದು. ಆಮೇಲೆ ಕ್ಲಚ್ ಬಿಡದೆ ಗೇರ್ ಕಿರುಗುಟ್ಟಿದಾಗ ಎಲ್ಲರೂ ಕ್ಲಚ್ ಕಂಪನಿಯನ್ನು ಬೈಯುತ್ತಾರೆ. ಜ್ಯಾಕ್ ಕೆಳಗೆ ಇರಲೇಬೇಕು ಎಂದು ಮೊದಲೇ ಹೇಳಿಬಿಡಿ.

ಹೊಸ ಕ್ಲಚ್ಚನ್ನು ಸುಮಾರು 800 ಕಿಲೋಮೀಟರ್ ಪಳಗಿಸಬೇಕು ಎಂದು ತಯಾರಕರು ಹೇಳುವುದು ರೂಢಿ. ಇದನ್ನು ಬೆಂಗಳೂರಿಗೆ ಆರು ಸಲ ಹೋಗಿ ಬಂದು ಮುಗಿಸಿದವರು ಬಹಳ ಜನ. ಹೆದ್ದಾರಿಯಲ್ಲಿ ಮೇಲಿನ ಗೇರಿನಲ್ಲಿ ಓಡುವಾಗ ಕ್ಲಚ್ ಕೂತೇ ಇರುತ್ತದೆ, ಉಜ್ಜುವುದೇ ಇಲ್ಲ. ಆ ಕಿಲೋಮೀಟರುಗಳು ಲೆಕ್ಕಕ್ಕಿಲ್ಲ. ಲೈನಿಂಗಿನ ಮೇಲ್ಮೈ ಫ್ಲೈವೀಲಿಗೆ ಹೊಂದಿಕೊಳ್ಳಲು ಬೇಕಾದದ್ದು ನೂರಾರು ಸಲ ಮೃದುವಾಗಿ ಹಿಡಿದು ಬಿಡುವುದು. ಬಿ.ಎಚ್. ರಸ್ತೆ, ಎಂ.ಜಿ. ರಸ್ತೆ, ಬಟವಾಡಿಯ ಸಿಗ್ನಲ್ ಇವೇ ಅದಕ್ಕೆ ತಕ್ಕ ಜಾಗಗಳು. ಈ ಅವಧಿಯಲ್ಲಿ ಆಕ್ಸಿಲರೇಟರನ್ನು ಅರ್ಧಕ್ಕಿಂತ ಹೆಚ್ಚು ಒತ್ತಬೇಡಿ. ಸಾಧ್ಯವಾದರೆ ಎಂಜಿನ್ನಿಗೆ ಕಂಪನಿಯ ಮೂಲ ಮ್ಯಾಪನ್ನೇ ತಾತ್ಕಾಲಿಕವಾಗಿ ಹಾಕಿಸಿಕೊಳ್ಳಿ.

ಅದಾದ ಮೇಲೆ ಒಂದು ಮುಂಜಾನೆ, ಮೊದಲು ಮಾಡಿದ್ದ ಅದೇ ಏರು ರಸ್ತೆಯಲ್ಲಿ, ನಾಲ್ಕನೆಯ ಗೇರಿನಲ್ಲಿ 1,500 ಆರ್‌ಪಿಎಂನಿಂದ ಪರೀಕ್ಷೆಯನ್ನು ಮತ್ತೆ ಮಾಡಿ. ಆರ್‌ಪಿಎಂ ಮುಳ್ಳೂ ವೇಗದ ಮುಳ್ಳೂ ಒಟ್ಟಿಗೆ ಏರಿದರೆ, ರೀಮ್ಯಾಪ್ ಮಾಡಿದವರಿಗೆ ಫೋನ್ ಮಾಡಿ ತಡೆಹಿಡಿದ ಟಾರ್ಕನ್ನು ಮರಳಿ ಕೊಡಿಸಿಕೊಳ್ಳಬಹುದು.